‘ಹುಳ ಮುಟ್ಟಿದೆ’ ಅಂದರೆ ಯಾವ ಕೋಡ್? ಕ್ಯಾಶುವಾಲ್ಟಿ ಡಾಕ್ಟರಿಗೆ ಇನ್ಫರ್ಮ್ಯಾಟಿಕ್ಸ್ ದಾರಿ

ರಾತ್ರಿ ಹನ್ನೊಂದೂವರೆ. ಹಳ್ಳಿಯಿಂದ ಒಬ್ಬ ಹೆಂಗಸನ್ನು ಆಟೋದಲ್ಲಿ ಕರೆತಂದಿದ್ದರು. ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವ ಟ್ರಯಾಜ್ ಕೌಂಟರಿನಲ್ಲಿ ಮಗ ಹೇಳಿದ್ದು ಇಷ್ಟೇ: "ಅಮ್ಮಂಗೆ ಹುಳ ಮುಟ್ಟಿದೆ ಸಿಸ್ಟರ್." ಸಿಸ್ಟರ್ ಕೇರಳದವರು. ಬೆಂಗಳೂರಿಗೆ ಬಂದು ಆರು ತಿಂಗಳಾಗಿತ್ತು, ಕನ್ನಡ ಚೆನ್ನಾಗಿಯೇ ಕಲಿತಿದ್ದರು. ಹುಳ ಅಂದರೆ ಹುಳ. ಕಂಪ್ಯೂಟರಿನಲ್ಲಿ ‘ಇನ್ಸೆಕ್ಟ್ ಬೈಟ್’ ಅಂತ ಟೈಪ್ ಮಾಡಿ ಹಸಿರು ಬಣ್ಣ ಕೊಟ್ಟರು. ಹಸಿರು ಅಂದರೆ ಕಾಯಬಹುದು.

ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವಿನ ಹೆಸರೆತ್ತುವುದಿಲ್ಲ, ಹುಳ ಅನ್ನುತ್ತಾರೆ. ಇದು ಆ ಸಿಸ್ಟರಿಗೆ ಗೊತ್ತಿರುವುದಾದರೂ ಹೇಗೆ? ನಾನು ನೋಡುವ ಹೊತ್ತಿಗೆ ಆಕೆಯ ಕಣ್ಣಿನ ರೆಪ್ಪೆ ಜೋತುಬೀಳಲು ಶುರುವಾಗಿತ್ತು. ಹಾವಿನ ವಿಷ ಏರಿದ ಗುರುತು ಅದು. ವಿಷಕ್ಕೆ ಮದ್ದಾದ ಎಎಸ್‌ವಿ ಹಾಕಿದೆವು. ಎರಡು ದಿನ ವೆಂಟಿಲೇಟರಿನಲ್ಲಿದ್ದು ಬದುಕಿಕೊಂಡರು. ಬೆಳಿಗ್ಗೆ ಎಲ್ಲರೂ ಸಿಸ್ಟರನ್ನು ಬೈದರು. ನನ್ನ ಕಣ್ಣು ಮಾತ್ರ ಸ್ಕ್ರೀನಿನ ಮೇಲಿದ್ದ ‘ಚೀಫ್ ಕಂಪ್ಲೇಂಟ್’ (ರೋಗಿ ಹೇಳುವ ಮುಖ್ಯ ತೊಂದರೆ) ಎಂಬ ಖಾಲಿ ಚೌಕದ ಮೇಲೆ ನೆಟ್ಟಿತ್ತು. ಏನು ಬರೆದರೂ ನುಂಗಿಕೊಳ್ಳುತ್ತಿದ್ದ ಚೌಕ ಅದು.

ಆ ಚೌಕ ಹೇಗಿರಬೇಕು, ಅದಕ್ಕೆ ಬಿದ್ದ ಮಾತು ಎಲ್ಲಿಗೆ ಹೋಗಬೇಕು, ಯಾರ ಕಣ್ಣಿಗೆ ಎಷ್ಟು ಬೇಗ ಬೀಳಬೇಕು ಎಂದು ಯೋಚಿಸುವ ಕೆಲಸಕ್ಕೇ ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್ ಎನ್ನುತ್ತಾರೆ. ಇದು ಪ್ರಿಂಟರ್ ರಿಪೇರಿಯ ಐಟಿ ವಿಭಾಗ ಅಲ್ಲ. ಇನ್ಶೂರೆನ್ಸ್ ಬಿಲ್ಲಿಗೆ ನಂಬರು ಹಾಕುವ ಮೆಡಿಕಲ್ ಕೋಡಿಂಗೂ ಅಲ್ಲ. ನೈಟ್ ಡ್ಯೂಟಿ ಸಾಕಾಗಿ ಹೋಗಿರುವ ಕಿರಿಯ ಡಾಕ್ಟರುಗಳು ಆಗಾಗ ಕೇಳುತ್ತಾರೆ: "ಸರ್, ನಾನೂ ಈ ಕಡೆ ಬರಬೇಕು, ಮೊದಲು ಪೈಥಾನ್ ಪ್ರೋಗ್ರಾಮಿಂಗ್ ಕಲೀಲಾ?" ಬೇಡ. ಮೊದಲು ಒಂದು ಗಡಿಯಾರ, ಒಂದು ನೋಟ್‌ಬುಕ್ ತಗೊಳ್ಳಿ.

ಈ ಕೆಲಸಕ್ಕೆ ನಾವೇ ಯಾಕೆ?

ಕ್ಯಾಶುವಾಲ್ಟಿಯಲ್ಲಿ ಎಲ್ಲ ವಿಭಾಗದ ರೋಗಿಗಳೂ ಬರುತ್ತಾರೆ. ಮಾಹಿತಿ ಕಡಿಮೆ, ಸಮಯ ಇನ್ನೂ ಕಡಿಮೆ. ಹಳೇ ಫೈಲು ಎಲ್ಲಿದೆ, ಲ್ಯಾಬ್ ರಿಪೋರ್ಟು ಯಾಕೆ ಬಂದಿಲ್ಲ, ಈ ಮಾತ್ರೆ ಯಾರು ಕೊಟ್ಟರು ಎಂದು ದಿನವಿಡೀ ಹುಡುಕುವವರು ನಾವು.

ಅಮೆರಿಕದ ವಾಷಿಂಗ್ಟನ್ ಹಾಸ್ಪಿಟಲ್ ಸೆಂಟರಿನ ಇಬ್ಬರು ಎಮರ್ಜೆನ್ಸಿ ಡಾಕ್ಟರುಗಳು, ಕ್ರೇಗ್ ಫೀಡ್ ಮತ್ತು ಮಾರ್ಕ್ ಸ್ಮಿತ್, ಹೀಗೆ ಹುಡುಕಿ ಹುಡುಕಿ ಬೇಸತ್ತು 1996ರಲ್ಲಿ ತಮ್ಮದೇ ಒಂದು ಸಾಫ್ಟ್‌ವೇರ್ ಶುರು ಮಾಡಿದರು. ಹೆಸರು ಅಜಿಕ್ಸಿ. ಆಸ್ಪತ್ರೆಯ ಬೇರೆ ಬೇರೆ ಕಡೆ ಬಿದ್ದಿದ್ದ ಲ್ಯಾಬ್, ಎಕ್ಸ್‌ರೇ, ಇಸಿಜಿಗಳನ್ನು ಒಂದೇ ಕಡೆ ತಂದು ತೋರಿಸುವುದು ಅದರ ಕೆಲಸ. 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಎರಡು ದಶಕ ನಡೆಸಿದ ಜಾನ್ ಹಲಾಮ್ಕಾ ಕೂಡ ಎಮರ್ಜೆನ್ಸಿ ಡಾಕ್ಟರೇ. ವಿಷದ ಅಣಬೆ ತಿಂದು ಬಂದವರ ಬಗ್ಗೆಯೂ ಅವರನ್ನೇ ಕೇಳುತ್ತಿದ್ದರಂತೆ! ಅಣಬೆ ಗುರುತಿಸುವುದೂ ಡೇಟಾ ಗುರುತಿಸುವುದೂ ಒಂದೇ ತಲೆಯಲ್ಲಿ ಇರಬಹುದು ಅನ್ನುವುದಕ್ಕೆ ಇದನ್ನು ಹೇಳಿದೆ.

ಹೆಜ್ಜೆ 1: ಡ್ಯೂಟಿ ಇಲ್ಲದ ದಿನ ಕ್ಯಾಶುವಾಲ್ಟಿಗೆ ಹೋಗಿ

ಡ್ಯೂಟಿಯಲ್ಲಿದ್ದಾಗ ಏನೂ ಕಾಣಿಸುವುದಿಲ್ಲ. ರಜೆಯ ದಿನ ನಾಲ್ಕು ಗಂಟೆ ಕೊಡಿ. ಸಂಜೆ ಆರರಿಂದ ಹತ್ತು ಒಳ್ಳೇ ಹೊತ್ತು. ಒಂದು ಮೂಲೆಯಲ್ಲಿ ನಿಂತು ಇಪ್ಪತ್ತು ರೋಗಿಗಳನ್ನು ಹಿಂಬಾಲಿಸಿ. ಬಾಗಿಲು ದಾಟಿದ್ದು ಎಷ್ಟು ಹೊತ್ತಿಗೆ, ಹೆಸರು ಕಂಪ್ಯೂಟರಿಗೆ ಹೋಗಿದ್ದು ಎಷ್ಟು ಹೊತ್ತಿಗೆ, ಟ್ರಯಾಜ್ ಆಗಿದ್ದು, ಇಸಿಜಿ ತೆಗೆದದ್ದು, ಡಾಕ್ಟರ್ ನೋಡಿದ್ದು, ಮೇಲಕ್ಕೆ ಅಡ್ಮಿಟ್ ಆಗಿದ್ದು, ಎಲ್ಲದಕ್ಕೂ ಗಂಟೆ ನಿಮಿಷ ಬರೆದುಕೊಳ್ಳಿ. ಕಂಪ್ಯೂಟರ್ ತೋರಿಸುವ ಸಮಯ ಬೇಡ, ನಿಮ್ಮ ಕೈಗಡಿಯಾರದ ಸಮಯ. ಇವೆರಡೂ ಬೇರೆ ಬೇರೆ ಇರುತ್ತವೆ, ಯಾಕೆಂದರೆ ಬಿಡುವಾದಾಗ ಕೂತು ಒಟ್ಟಿಗೆ ಹತ್ತು ಜನರದ್ದು ಎಂಟ್ರಿ ಮಾಡುವುದು ಎಲ್ಲ ಕಡೆ ಇದ್ದದ್ದೇ.

ಇನ್ನೂ ಮುಖ್ಯವಾದದ್ದು, ಜನ ವ್ಯವಸ್ಥೆಯನ್ನು ಹೇಗೆ ಬಳಸಿಕೊಂಡು ಹೋಗುತ್ತಾರೆ ಅಂತ ನೋಡಿ. ಸಿಸ್ಟರ್ ಬಿಪಿಯನ್ನು ಗ್ಲೌಸಿನ ಮೇಲೆ ಬರೆದುಕೊಳ್ಳುತ್ತಾರೆ. ಡ್ಯೂಟಿ ಡಾಕ್ಟರ್ ಇಸಿಜಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಾರ್ಡಿಯಾಲಜಿಸ್ಟಿಗೆ ಕಳಿಸುತ್ತಾರೆ. ಮಾನಿಟರಿನ ಅಂಚಿಗೆ ಪಾಸ್‌ವರ್ಡ್ ಚೀಟಿ ಅಂಟಿಸಿರುತ್ತದೆ. ಇವನ್ನು ಅಶಿಸ್ತು ಅಂತ ಬೈಯಬೇಡಿ. ಸಾಫ್ಟ್‌ವೇರ್ ಎಲ್ಲಿ ಕೈಕೊಟ್ಟಿದೆ ಅನ್ನುವುದರ ನಕ್ಷೆ ಅದು.

ವಾರ್ಡ್ ಬಾಯ್ ಹತ್ತಿರ, ರಿಜಿಸ್ಟ್ರೇಷನ್ ಕೌಂಟರಿನ ಹುಡುಗನ ಹತ್ತಿರ ಒಂದು ಟೀ ಕುಡಿಯಿರಿ. ಪ್ರಜ್ಞೆ ಇಲ್ಲದೆ ಬಂದವರಿಗೆ ‘ಅನ್‌ನೋನ್ ಮೇಲ್’ ಅಂತ ನಂಬರು ಕೊಟ್ಟು, ಆಮೇಲೆ ನೆಂಟರು ಬಂದಾಗ ಇನ್ನೊಂದು ನಂಬರು ಕೊಟ್ಟು, ಆಗ ಮೊದಲ ರಕ್ತ ಪರೀಕ್ಷೆ ಯಾವ ನಂಬರಿನಲ್ಲಿ ಉಳಿಯಿತು ಅಂತ ಕೇಳಿ ನೋಡಿ. ಆ ಹುಡುಗನಿಗೆ ಗೊತ್ತಿರುವುದು ಮೆಡಿಕಲ್ ಸೂಪರಿಂಟೆಂಡೆಂಟ್ ಅವರಿಗೂ ಗೊತ್ತಿರುವುದಿಲ್ಲ.

ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಹೀಗೇ ಕೂತು ಎಣಿಸಿದವರಿದ್ದಾರೆ. 2013ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಗದ್ದಲದ ಹತ್ತು ಗಂಟೆಯ ಡ್ಯೂಟಿಯಲ್ಲಿ ಎಮರ್ಜೆನ್ಸಿ ಡಾಕ್ಟರ್ ಸುಮಾರು 4000 ಸಲ ಮೌಸ್ ಒತ್ತುತ್ತಾರೆ. ರೋಗಿಯ ಪಕ್ಕ ಕಳೆಯುವ ಸಮಯ ಶೇ. 28. ಕಂಪ್ಯೂಟರಿಗೆ ತುಂಬಿಸುವುದಕ್ಕೆ ಹೋಗುವುದು ಶೇ. 40ಕ್ಕೂ ಜಾಸ್ತಿ. ನಿಮ್ಮ ಆಸ್ಪತ್ರೆಯ ಲೆಕ್ಕ ಬೇರೆ ಇರಬಹುದು. ಇರಲಿ, ಎಣಿಸಿ.

ಹೆಜ್ಜೆ 2: ಒಂದೇ ಒಂದು ಸಣ್ಣ ತೊಂದರೆ ಆರಿಸಿಕೊಳ್ಳಿ

ಇಡೀ ಆಸ್ಪತ್ರೆಯನ್ನು ಪೇಪರ್ ಇಲ್ಲದಂತೆ ಮಾಡುತ್ತೇನೆ ಅಂತ ಹೊರಟರೆ ಆರು ತಿಂಗಳಲ್ಲಿ ನಿಮ್ಮ ಹುರುಪೇ ಇಲ್ಲದಂತಾಗುತ್ತದೆ. ಎರಡು ತಿಂಗಳಲ್ಲಿ ಮುಗಿಯುವಂಥದ್ದು, ಅಳೆಯಲು ಬರುವಂಥದ್ದು ಒಂದನ್ನು ಹಿಡಿಯಿರಿ.

ನಾನು ಹಿಡಿದದ್ದು ಆ ಖಾಲಿ ಚೌಕವನ್ನೇ. ಮೊದಲು ಮೂರು ತಿಂಗಳ ಚೀಫ್ ಕಂಪ್ಲೇಂಟ್ ಎಲ್ಲ ಎಕ್ಸೆಲ್ಲಿಗೆ ತೆಗೆಸಿಕೊಂಡೆ. ‘ಚೆಸ್ಟ್ ಪೇನ್’ ಒಂದೇ ಎಷ್ಟೋ ಥರ ಬರೆದಿದ್ದರು. ಸ್ಪೆಲ್ಲಿಂಗ್ ತಪ್ಪು, ಚುಟುಕು, ಬರೀ ಒಂದು ಚುಕ್ಕಿ ಕೂಡ. ಚುಕ್ಕಿ ಯಾಕೆ ಅಂದರೆ ಆ ಚೌಕ ಕಡ್ಡಾಯ, ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಕಡ್ಡಾಯ ಮಾಡಿದ ಮಾತ್ರಕ್ಕೆ ಮಾಹಿತಿ ಬರುವುದಿಲ್ಲ, ಚುಕ್ಕಿ ಬರುತ್ತದೆ ಅಂತ ಅವತ್ತು ಕಲಿತೆ.

ಆಮೇಲೆ ಸಿಸ್ಟರುಗಳ ಜೊತೆ ಕೂತು, ರೋಗಿಗಳ ಬಾಯಿಂದ ನಿಜವಾಗಿ ಬರುವ ಮಾತುಗಳ ಪಟ್ಟಿ ಮಾಡಿದೆವು. ನನ್ನ ಇಡೀ ದಾರಿಯಲ್ಲಿ ಅತ್ಯಂತ ಖುಷಿ ಕೊಟ್ಟ ಕೆಲಸ ಇದು. ‘ಹುಳ ಮುಟ್ಟಿದೆ’ ಅಂದರೆ ಹಾವು ಕಡಿತ ಇರಬಹುದು, ಕೇಳು. ‘ಗ್ಯಾಸ್ಟ್ರಿಕ್’, ‘ಎದೆ ಉರಿ’ ಅಂದರೆ ಇಸಿಜಿ ತೆಗೆಯದೆ ಕಳಿಸಬೇಡ. ‘ಲಕ್ವ ಹೊಡೆದಿದೆ’ ಅಂದರೆ ಸ್ಟ್ರೋಕ್, ಯಾವಾಗಿನಿಂದ ಅಂತ ಗಂಟೆ ಬರೆದುಕೋ. ‘ದಮ್ಮು’ ಅಂದರೆ ಉಸಿರಾಟದ ತೊಂದರೆ. ‘ಎಣ್ಣೆ ಕುಡಿದಿದ್ದಾರೆ’ ಅನ್ನುವುದಂತೂ ದೊಡ್ಡ ಪಾಠ. ಬೆಂಗಳೂರಿನ ಹುಡುಗರ ಬಾಯಲ್ಲಿ ಎಣ್ಣೆ ಅಂದರೆ ಹೆಂಡ. ಉತ್ತರ ಕರ್ನಾಟಕದವರು ಹೊಲಕ್ಕೆ ಹೊಡೆಯುವ ಔಷಧಿಗೂ ಎಣ್ಣಿ ಅನ್ನುತ್ತಾರೆ. "ಎಣ್ಣಿ ಕುಡದಾನ್ರೀ" ಅಂತ ತಂದೆ ಅಳುತ್ತಾ ನಿಂತಿದ್ದರೆ ಅದು ಆರ್ಗನೋಫಾಸ್ಫೇಟ್ ವಿಷ ಇರಬಹುದು. ಕುಡಿದ ಅಮಲು ಇಳಿಯಲಿ ಎಂದು ಮೂಲೆಗೆ ಮಲಗಿಸಿದರೆ ಮುಗಿದೇ ಹೋಯಿತು.

ಈ ಮಾತುಗಳನ್ನೆಲ್ಲ ಹುಡುಕುವ ಪಟ್ಟಿಗೆ ಸೇರಿಸಿದೆವು. ಸಿಸ್ಟರ್ ‘ಹುಳ’ ಅಂತ ಟೈಪ್ ಮಾಡಿದರೆ ಕೆಳಗೆ ಎರಡು ಆಯ್ಕೆ ಬರುತ್ತದೆ: ಹಾವು ಕಡಿತ, ಕೀಟ ಕಡಿತ. ಅಷ್ಟೇ. ಇದರಲ್ಲಿ ಯಾವ ರಾಕೆಟ್ ವಿಜ್ಞಾನವೂ ಇಲ್ಲ, ಸಾಫ್ಟ್‌ವೇರಿನವರಿಗೆ ಇದು ಒಂದು ವಾರದ ಕೆಲಸ. ಆದರೆ ಯಾವ ಎರಡು ಆಯ್ಕೆ ಅಂತ ಹೇಳುವವರು ಬೇಕಲ್ಲ?

ಇನ್ನು ನನ್ನ ತಪ್ಪಿನ ವಿಷಯ. ಗೆದ್ದ ಹುಮ್ಮಸ್ಸಿನಲ್ಲಿ, ‘ಎದೆ’ ಅಂತ ಬಂದ ಪ್ರತಿ ರೋಗಿಗೂ ಸ್ಕ್ರೀನ್ ತುಂಬಾ ಕೆಂಪು ಎಚ್ಚರಿಕೆ ಬರುವ ಹಾಗೆ ಮಾಡಿಸಿದೆ. ಕೆಮ್ಮಿ ಕೆಮ್ಮಿ ಎದೆ ನೋವು ಬಂದ ಹತ್ತು ವರ್ಷದ ಹುಡುಗನಿಗೂ ಕೆಂಪು. ಒಂದೇ ವಾರ. ಎಲ್ಲರೂ ಓದದೇ ಅದನ್ನು ಮುಚ್ಚುವುದಕ್ಕೆ ಕಲಿತುಬಿಟ್ಟರು. ನಾನೂ ಮುಚ್ಚುತ್ತಿದ್ದೆ! ಕೊನೆಗೆ ಅದನ್ನು ತೆಗೆಸಿ, ನಡುವಯಸ್ಸು ದಾಟಿದವರಿಗೆ ಮಾತ್ರ ಇಸಿಜಿ ಆರ್ಡರ್ ತಾನಾಗೇ ಟೆಕ್ನಿಷಿಯನ್ ಪಟ್ಟಿಗೆ ಹೋಗುವ ಹಾಗೆ ಮಾಡಿದೆವು. ಎಚ್ಚರಿಕೆ ಕೊಡುವುದಕ್ಕಿಂತ ಕೆಲಸ ಹಗುರ ಮಾಡುವುದು ವಾಸಿ.

ಮಾಡಿದ ಮೇಲೆ ಅಳೆಯಿರಿ. ಎದೆ ನೋವಿನವರಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಎಲ್ಲ ಕಡೆ ಒಪ್ಪಿದ ಗುರಿ. ಬದಲಾವಣೆಗೆ ಮುಂಚಿನ ಒಂದು ತಿಂಗಳು, ಆಮೇಲಿನ ಒಂದು ತಿಂಗಳು, ಎಷ್ಟು ಜನರಿಗೆ ಹತ್ತು ನಿಮಿಷದೊಳಗೆ ಆಯಿತು? ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಕೆಲಸ ಕೇಳಲು ಹೋದಾಗ ಸರ್ಟಿಫಿಕೇಟಿಗಿಂತ ಜಾಸ್ತಿ ಬೆಲೆ ಈ ಹಾಳೆಗೆ.

ಹೆಜ್ಜೆ 3: ಕಂಪ್ಯೂಟರುಗಳು ಮಾತಾಡುವ ಭಾಷೆ ಕಲಿಯಿರಿ

‘ಹುಳ’ ಅಂದರೆ ಹಾವು ಅಂತ ನಮ್ಮ ಸ್ಕ್ರೀನಿಗೆ ಗೊತ್ತಾಯಿತು. ಪಕ್ಕದ ಆಸ್ಪತ್ರೆಗೆ, ಜಿಲ್ಲಾ ಆರೋಗ್ಯ ಕಚೇರಿಗೆ ಹೇಗೆ ಗೊತ್ತಾಗಬೇಕು? 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಕೇಸುಗಳನ್ನು ಕಡ್ಡಾಯವಾಗಿ ತಿಳಿಸಬೇಕು ಎಂದು ಮಾಡಿತು. ಎಲ್ಲರೂ ಒಂದೇ ಹೆಸರಿನಲ್ಲಿ ಬರೆದರೆ ತಾನೇ ಎಣಿಸಲು ಆಗುವುದು? ಅದಕ್ಕೇ ಕೋಡುಗಳು.

ರೋಗಗಳಿಗೆ ಜಗತ್ತೆಲ್ಲ ಬಳಸುವ ಕೋಡುಗಳ ಪಟ್ಟಿ ಐಸಿಡಿ ನಿಮಗೆ ಗೊತ್ತಿರುತ್ತದೆ. ಐಸಿಡಿ-10ರಲ್ಲಿ ಹಾವಿನ ವಿಷ ಟಿ63.0. ಇದು ಲೆಕ್ಕ ಇಡಲು ಚೆನ್ನ. ರೋಗಿಯ ಸ್ಥಿತಿಯನ್ನು ಸೂಕ್ಷ್ಮವಾಗಿ ಬರೆಯಲು ಸ್ನೋಮೆಡ್ ಸಿಟಿ ಎಂಬ ವೈದ್ಯಕೀಯ ಪದಗಳ ಕೋಡ್ ಪಟ್ಟಿ ಬೇಕು. ಭಾರತ 2014ರಲ್ಲೇ ಇದರ ಸದಸ್ಯ ದೇಶ ಆಗಿದೆ, ಹಾಗಾಗಿ ನಮ್ಮಲ್ಲಿ ಬಳಸಲು ದುಡ್ಡು ಕೊಡಬೇಕಿಲ್ಲ. ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿರುವ ಎನ್‌ಆರ್‌ಸಿಇಎಸ್ ಕೇಂದ್ರ ಇದನ್ನು ನೋಡಿಕೊಳ್ಳುತ್ತದೆ. ಲ್ಯಾಬ್ ಪರೀಕ್ಷೆಗಳಿಗೆ ಲಾಯಿಂಕ್, ಎಕ್ಸ್‌ರೇ, ಸ್ಕ್ಯಾನುಗಳಿಗೆ ಡೈಕಾಮ್. ಇವನ್ನೆಲ್ಲ ಕಟ್ಟಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುವ ರೀತಿಗೆ ಫೈರ್ (FHIR) ಎನ್ನುತ್ತಾರೆ. ಫೈರ್ ಒಂದನ್ನು ಚೆನ್ನಾಗಿ ಕಲಿಯಿರಿ. ಉಳಿದದ್ದು ಪರಿಚಯ ಇದ್ದರೆ ಸಾಕು.

ನಮ್ಮ ದೇಶದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಶುರುವಾಯಿತು. ಆರೋಗ್ಯ ದಾಖಲೆಗೆ ಗುರುತಾದ 14 ಅಂಕಿಯ ಆಭಾ ನಂಬರು ಅದರದ್ದೇ. ಅಲ್ಲಿ ದಾಖಲೆ ಸಾಗುವುದು ಫೈರ್ ರೀತಿಯಲ್ಲೇ. ರೋಗಿ ಒಪ್ಪಿದರೆ ಹಳೇ ದಾಖಲೆ ನಮ್ಮ ಕೈಗೆ ಬರುತ್ತದೆ ಎನ್ನುವುದು ಲೆಕ್ಕಾಚಾರ. ಒಪಿಡಿಗೆ ಇದು ಸರಿ. ಆದರೆ ಬೈಕ್ ಅಪಘಾತದಲ್ಲಿ ಪ್ರಜ್ಞೆ ತಪ್ಪಿ ಬಂದವನ ಮೊಬೈಲಿಗೆ ಒಪ್ಪಿಗೆ ಕೇಳಿ ಏನು ಪ್ರಯೋಜನ? ಇಂಥ ಪ್ರಶ್ನೆ ಮೀಟಿಂಗಿನಲ್ಲಿ ಎತ್ತಬೇಕಾದವರು ಕ್ಯಾಶುವಾಲ್ಟಿಯವರು. ಆ ಮೀಟಿಂಗುಗಳಲ್ಲಿ ನಮ್ಮವರು ಇರುವುದೇ ಇಲ್ಲ ಅನ್ನುವುದು ನನ್ನ ದೂರು.

ಕೈ ಪಳಗಿಸಲು ರೋಗಿಗಳ ನಿಜವಾದ ಡೇಟಾ ಮನೆಗೆ ತರಬೇಡಿ, ಪೆನ್‌ಡ್ರೈವಿನಲ್ಲಂತೂ ಬೇಡವೇ ಬೇಡ. 2023ರ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಬಂದಿದೆ, ಅದಿರದಿದ್ದರೂ ಅದು ತಪ್ಪೇ. ಬೇರೆ ದಾರಿ ಇದೆ. ಸಿಂಥಿಯಾ ಎಂಬ ಉಚಿತ ಸಾಫ್ಟ್‌ವೇರ್ ಕಾಲ್ಪನಿಕ ರೋಗಿಗಳನ್ನು ಹುಟ್ಟಿಸಿ ಕೊಡುತ್ತದೆ. ಹಾಪಿ ಫೈರ್ ಎಂಬ ಪರೀಕ್ಷಾ ಸರ್ವರಿಗೆ ಅವರನ್ನು ಕಳಿಸಿ, ಮತ್ತೆ ಹುಡುಕಿ ತೆಗೆದು ನೋಡಿ. ಬಾಹ್ಮ್ನಿ ಎಂಬ ಆಸ್ಪತ್ರೆ ಸಾಫ್ಟ್‌ವೇರ್ ನಮ್ಮ ನೆಲದ್ದೇ. ಛತ್ತೀಸಗಢದ ಗನಿಯಾರಿಯಲ್ಲಿರುವ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಯಲ್ಲಿ ಮೊದಲು ಬಳಕೆಗೆ ಬಂತು. ಓಪನ್ ಸೋರ್ಸ್. ಇಳಿಸಿಕೊಂಡು ನಿಮ್ಮ ಟ್ರಯಾಜ್ ಫಾರ್ಮ್ ಅದರಲ್ಲಿ ಕಟ್ಟಿ ನೋಡಿ.

ಎಮರ್ಜೆನ್ಸಿಯವರಿಗೆ ಹಬ್ಬದೂಟ ಅಂದರೆ ಮಿಮಿಕ್-4-ಇಡಿ ಎಂಬ ಡೇಟಾ ಸಂಗ್ರಹ. ಹಲಾಮ್ಕಾ ಇದ್ದ ಅದೇ ಬಾಸ್ಟನ್ ಆಸ್ಪತ್ರೆಗೆ 2011ರಿಂದ 2019ರವರೆಗೆ ಎಮರ್ಜೆನ್ಸಿಗೆ ಬಂದ 4 ಲಕ್ಷಕ್ಕೂ ಹೆಚ್ಚು ಭೇಟಿಗಳ ದಾಖಲೆ, ಹೆಸರು ಗುರುತು ತೆಗೆದು ಇಟ್ಟಿದ್ದಾರೆ. ಬಿಪಿ, ನಾಡಿ, ಟ್ರಯಾಜ್ ಮಟ್ಟ, ಮತ್ತೆ ಅದೇ ಚೀಫ್ ಕಂಪ್ಲೇಂಟ್ ಚೌಕ. ಅಲ್ಲಿಯೂ ನರ್ಸುಗಳು ಮನಬಂದಂತೆ ಬರೆದಿರುವುದನ್ನು ನೋಡಿ ನನಗೆ ಎಷ್ಟು ಸಮಾಧಾನ ಆಯಿತು ಅಂತೀರಿ! ಪೂರ್ತಿ ಡೇಟಾಗೆ ಒಂದು ಆನ್‌ಲೈನ್ ತರಬೇತಿ ಮುಗಿಸಿ ಅರ್ಜಿ ಹಾಕಬೇಕು. 100 ರೋಗಿಗಳ ಸಣ್ಣ ನಮೂನೆ ಎಲ್ಲರಿಗೂ ತೆರೆದಿದೆ. ಇದನ್ನು ಕೆದಕಲು ಎಸ್‌ಕ್ಯೂಎಲ್ ಎಂಬ, ಡೇಟಾಬೇಸಿನಿಂದ ಮಾಹಿತಿ ಹೆಕ್ಕುವ ಭಾಷೆ ಕಲಿಯಿರಿ. ಮೂರು ವಾರ ಸಾಕು. ಪೈಥಾನ್ ಆಮೇಲೆ, ಬೇಕಾದರೆ.

ಹೆಜ್ಜೆ 4: ಓದು, ಪದವಿ

ಇದು ನೀವು ಎಲ್ಲಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಅಮೆರಿಕದಲ್ಲಿ ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್ 2011ರಲ್ಲಿ ವೈದ್ಯಕೀಯದ ಉಪವಿಭಾಗ ಅಂತ ಮಾನ್ಯತೆ ಪಡೆಯಿತು. ತಜ್ಞರೆಂದು ಮಾನ್ಯ ಮಾಡುವ ಮೊದಲ ಬೋರ್ಡ್ ಪರೀಕ್ಷೆ 2013ರಲ್ಲಿ. ಅಲ್ಲಿ ಎಮರ್ಜೆನ್ಸಿ ರೆಸಿಡೆನ್ಸಿ ಮಾಡುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ದಾರಿ ನೇರ: ರೆಸಿಡೆನ್ಸಿ, ಅದರ ಬೋರ್ಡ್, ಆಮೇಲೆ ಎರಡು ವರ್ಷದ ಫೆಲೋಶಿಪ್. ಫೆಲೋಶಿಪ್ಪಿನಲ್ಲಿದ್ದಾಗಲೂ ವಾರದಲ್ಲಿ ಸ್ವಲ್ಪ ಹೊತ್ತು ರೋಗಿಗಳನ್ನು ನೋಡುವುದು ಇರುತ್ತದೆ. ಇಲ್ಲಿ ಎಂಡಿ ಮಾಡಿಕೊಂಡು ನೇರವಾಗಿ ಆ ಫೆಲೋಶಿಪ್ಪಿಗೆ ಹೋಗಿ ಬೋರ್ಡ್ ಬರೆಯುತ್ತೇನೆ ಅಂದುಕೊಂಡಿದ್ದರೆ, ಅದು ಅಷ್ಟು ಸುಲಭ ಇಲ್ಲ.

ಬ್ರಿಟನ್ನಿನಲ್ಲಿ ಇರುವವರು ಕ್ಲಿನಿಕಲ್ ಸೇಫ್ಟಿ ಆಫೀಸರ್ ತರಬೇತಿಯಿಂದ ಶುರು ಮಾಡಿ. ಆಸ್ಪತ್ರೆ ಸಾಫ್ಟ್‌ವೇರಿನಿಂದ ರೋಗಿಗೆ ಏನು ಅಪಾಯ ಆಗಬಹುದು ಅಂತ ನೋಡುವ ಈ ಜವಾಬ್ದಾರಿಯನ್ನು ಅಲ್ಲಿ ನೋಂದಾಯಿತ ಡಾಕ್ಟರ್, ನರ್ಸ್ ಇಂಥವರೇ ಹೊರಬೇಕು. ಇಂಗ್ಲೆಂಡಿನ ಎಮರ್ಜೆನ್ಸಿ ವಿಭಾಗಗಳು 2017ರಿಂದ ಸ್ನೋಮೆಡ್ ಸಿಟಿಯಲ್ಲೇ ಡೇಟಾ ಕಳಿಸುತ್ತಿವೆ. ಹಾಗಾಗಿ ನಮ್ಮ ಕೆಲಸಕ್ಕೆ ಅಲ್ಲಿ ಬೆಲೆ ಇದೆ.

ನಮ್ಮಲ್ಲಿ? ಎಮರ್ಜೆನ್ಸಿ ಮೆಡಿಸಿನ್ನಿಗೇ ಮಾನ್ಯತೆ ಬಂದದ್ದು 2009ರಲ್ಲಿ. ಇನ್ಫರ್ಮ್ಯಾಟಿಕ್ಸ್ ಇನ್ನೂ ಎಂಡಿ, ಡಿಎಂ ಥರದ ಪದವಿ ಆಗಿಲ್ಲ. ಇದರಿಂದ ಒಂದು ಅನುಕೂಲವೂ ಇದೆ, ಪದವಿ ಎಲ್ಲಿ ಅಂತ ಯಾರೂ ಕೇಳುವುದಿಲ್ಲ, ಏನು ಮಾಡಿದ್ದೀರಿ ಅಂತ ಕೇಳುತ್ತಾರೆ. ಅಮೆರಿಕದ ಮೆಡಿಕಲ್ ಇನ್ಫರ್ಮ್ಯಾಟಿಕ್ಸ್ ಸಂಸ್ಥೆ ಎಎಂಐಎಯ ‘10x10’ ಆನ್‌ಲೈನ್ ಕೋರ್ಸು ಒಳ್ಳೇ ಬುನಾದಿ ಹಾಕುತ್ತದೆ. ಬೆಂಗಳೂರಿನ ಐಐಐಟಿಯಲ್ಲಿ ಇ-ಹೆಲ್ತ್ ಸಂಶೋಧನಾ ಕೇಂದ್ರ ಇದೆ. ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕಕ್ಕೆ ಇ-ಮಾನಸ್ ಎಂಬ ಮಾನಸಿಕ ಆರೋಗ್ಯ ದಾಖಲೆ ವ್ಯವಸ್ಥೆ ಕಟ್ಟಿಕೊಟ್ಟವರು ಅವರು. ನಿಮ್ಮ ಹಾಳೆ ಹಿಡಿದುಕೊಂಡು ಅಂಥವರ ಹತ್ತಿರ ಹೋಗಿ ಮಾತಾಡಿ.

ಹೆಜ್ಜೆ 5: ಸಮಯ ಕೇಳಿ ಪಡೆಯಿರಿ

ಇಲ್ಲಿ ಎಡವದವರು ಕಡಿಮೆ. ಮ್ಯಾನೇಜ್‌ಮೆಂಟಿನವರು ಖುಷಿಯಿಂದ ಹೇಳುತ್ತಾರೆ: "ಡಾಕ್ಟ್ರೇ, ನೀವೇ ಇಎಂಆರ್ ನೋಡ್ಕೊಳ್ಳಿ." ಇಎಂಆರ್ ಅಂದರೆ ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್. ಸಂಬಳ ಅದೇ, ಡ್ಯೂಟಿ ಅಷ್ಟೇ, ಜೊತೆಗೆ ರಾತ್ರಿ ಎರಡು ಗಂಟೆಗೆ ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಅಂತ ಫೋನು. ನಾನು ಒಂದು ವರ್ಷ ಹಾಗೆ ಸುಮ್ನೆ ದುಡಿದೆ. ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ: ವಾರಕ್ಕೆ ಇಷ್ಟು ಡ್ಯೂಟಿ ಕಡಿಮೆ, ಐಟಿ ತಂಡದಲ್ಲಿ ಇಂಥವರು ನನಗೆ ಉತ್ತರ ಕೊಡಬೇಕು, ಸಾಫ್ಟ್‌ವೇರ್ ಕೊಳ್ಳುವ ಸಮಿತಿಯಲ್ಲಿ ನನಗೂ ಕುರ್ಚಿ.

ಅವರ ಮುಂದೆ ಸ್ನೋಮೆಡ್, ಫೈರ್ ಅಂತ ಮಾತಾಡಬೇಡಿ. ಅಡ್ಮಿಷನ್ ಆದವರು ಬೆಡ್ಡಿಗಾಗಿ ಎಷ್ಟು ಹೊತ್ತು ಕಾಯುತ್ತಾರೆ, ಅರ್ಧಂಬರ್ಧ ದಾಖಲೆಯಿಂದ ಎಷ್ಟು ಇನ್ಶೂರೆನ್ಸ್ ಕ್ಲೇಮ್ ವಾಪಸ್ ಬಂದಿದೆ, ಪೊಲೀಸರಿಗೆ ತಿಳಿಸಬೇಕಾದ ಎಂಎಲ್‌ಸಿ ಕೇಸಿನಲ್ಲಿ ಕೋರ್ಟು ಕೇಳಿದಾಗ ಸಮಯ ತಾಳೆ ಆಗದಿದ್ದರೆ ಏನಾಗುತ್ತದೆ, ಈ ಭಾಷೆ ಅವರಿಗೆ ಅರ್ಥ ಆಗುತ್ತದೆ.

ಮತ್ತೆ ಡ್ಯೂಟಿ ಪೂರ್ತಿ ಬಿಡಬೇಡಿ. ವಾರಕ್ಕೆ ಒಂದಾದರೂ ಮಾಡಿ, ಸಾಧ್ಯವಾದರೆ ನೈಟ್. ನೀವೇ ಮಾಡಿಸಿದ ಸ್ಕ್ರೀನಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ನೀವೇ ಒದ್ದಾಡಬೇಕು.

ಈಗ ಎಐ ಮಾರಲು ಬರುವವರು ಜಾಸ್ತಿ. ಎಲ್ಲವೂ ಮೋಸ ಅಲ್ಲ. ನಮ್ಮ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಎಐ ನೆರವಿನೊಂದಿಗೆ ದೂರದ ಪರಿಣತರಿಗೆ ಹೋಗಿ, ಹಾರ್ಟ್ ಅಟ್ಯಾಕ್ ಅಂತ ಗೊತ್ತಾದರೆ ಅಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುವ ಏರ್ಪಾಡಿದೆ. ಆದರೆ ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿದ್ದ ಎಪಿಕ್ ಎಂಬ ಆಸ್ಪತ್ರೆ ಸಾಫ್ಟ್‌ವೇರ್ ಕಂಪನಿಯ, ಸೆಪ್ಸಿಸ್ (ಪ್ರಾಣಕ್ಕೆ ಕುತ್ತು ತರುವಷ್ಟು ಏರಿದ ಸೋಂಕು) ಮುಂಚೆಯೇ ಗುರುತಿಸುವ ಮಾದರಿಯನ್ನು ಮಿಚಿಗನ್ನಿನ ಸಂಶೋಧಕರು ತಮ್ಮ ರೋಗಿಗಳ ಮೇಲೆ ಪರೀಕ್ಷೆ ಮಾಡಿ 2021ರಲ್ಲಿ ಬರೆದರು: ಸೆಪ್ಸಿಸ್ ಆದ ಮೂವರಲ್ಲಿ ಸುಮಾರು ಇಬ್ಬರನ್ನು ಅದು ಗುರುತಿಸಲೇ ಇಲ್ಲ. ಹಾಗಾಗಿ ಮಾರಲು ಬಂದವರಿಗೆ ಒಂದೇ ಪ್ರಶ್ನೆ ಕೇಳಿ, ನಮ್ಮ ರೋಗಿಗಳ ಮೇಲೆ ನೋಡಿದ್ದೀರಾ? ‘ಹುಳ ಮುಟ್ಟಿದೆ’ ಅಂದರೆ ಅದು ಏನು ಹೇಳುತ್ತದೆ?

ಹೆಜ್ಜೆ 6: ಹೊಸ ವ್ಯವಸ್ಥೆ ಶುರುವಾಗುವ ದಿನ

ಸೋಮವಾರ ಬೇಡ, ಸೋಮವಾರ ಯಾವಾಗಲೂ ಜನ ಜಾಸ್ತಿ. ಹಬ್ಬದ ಹಿಂದುಮುಂದೂ ಬೇಡ. ದೀಪಾವಳಿಯ ವಾರ ಪಟಾಕಿ ಸುಟ್ಟುಕೊಂಡವರು ಬರುವಾಗ ಹೊಸ ಸ್ಕ್ರೀನ್ ತೆರೆದರೆ ಸಿಸ್ಟರುಗಳ ಶಾಪ ತಟ್ಟುತ್ತದೆ. ಮೊದಲ ಮೂರು ರಾತ್ರಿ ನೀವೇ ಅಲ್ಲಿರಿ. ಕಲಿಸಲು ಹೊರಗಿನವರನ್ನು ಕರೆಸುವುದಕ್ಕಿಂತ ಪ್ರತಿ ಶಿಫ್ಟಿನಲ್ಲೂ ಚುರುಕಾದ ಒಬ್ಬ ಸಿಸ್ಟರಿಗೆ ಮೊದಲೇ ಕಲಿಸಿಡಿ. ನಮ್ಮಲ್ಲಿ ಆ ಕೆಲಸ ಮಾಡಿದ್ದು, ಅವತ್ತು ಎಲ್ಲರಿಂದ ಬೈಸಿಕೊಂಡಿದ್ದ ಅದೇ ಸಿಸ್ಟರ್. ಪಟ್ಟಿಗೆ ಹೊಸ ಮಾತುಗಳನ್ನು ಸೇರಿಸುವವರೂ ಈಗ ಅವರೇ.

ಸರ್ವರ್ ಒಂದು ದಿನ ಬಿದ್ದೇ ಬೀಳುತ್ತದೆ. ಅದಕ್ಕೆ ಟ್ರಯಾಜ್ ಮೇಜಿನ ಕೆಳಗೆ ಒಂದು ಡಬ್ಬ ಇಡಿ. ಅಚ್ಚು ಹಾಕಿಸಿದ ಟ್ರಯಾಜ್ ಫಾರ್ಮ್, ಲ್ಯಾಬ್ ಚೀಟಿ, ಮೊದಲೇ ನಂಬರು ಬರೆದ ಕೈಪಟ್ಟಿಗಳು, ಬ್ಲಡ್ ಬ್ಯಾಂಕ್ ಮತ್ತು ಆಂಜಿಯೋ ಮಾಡುವ ಕ್ಯಾತ್ ಲ್ಯಾಬಿನ ಫೋನ್ ನಂಬರು, ಒಂದು ಗೋಡೆ ಗಡಿಯಾರ. ಪೆನ್ನುಗಳನ್ನು ಮಾತ್ರ ದಾರ ಕಟ್ಟಿ ಇಡಿ, ಇಲ್ಲದಿದ್ದರೆ ಮಾರನೇ ದಿನವೇ ಇರುವುದಿಲ್ಲ.